ಮೂಡಣ ಹಿಡಿದು ಪುಣೆಗೆ

ಮೊಬೈಲಿಗೆ ಜನ ಏನೇನೋ ಕೇಳುತ್ತಾರೆ: ಚಿನ್ನದ ದರ, ನಾಳೆಯ ಮಳೆ, ಮಂಡಿನೋವಿಗೆ ಮದ್ದು. ನನಗಿರುವುದು ಒಂದೇ ಚಟ, ಊರುಗಳ ನಡುವಿನ ದೂರ ಕೇಳುವುದು. ಊಟ ಮುಗಿಸಿ ಮಂಚದ ಮೇಲೆ ಅಡ್ಡಾದೆನೆಂದರೆ, ಹೋಗುವ ಕೆಲಸವಿರಲಿ ಬಿಡಲಿ, ಎರಡು ಊರುಗಳ ಹೆಸರು ಬರೆದು ಗುಂಡಿ ಒತ್ತುತ್ತೇನೆ. ಲಂಡನ್ನಿಗೂ ಲಿಂಗಸೂಗೂರಿಗೂ ಎಷ್ಟು ದೂರ ಎಂದು ಕೇಳಿದವನು ನಾನೊಬ್ಬನೇ ಇರಬೇಕು. ಫೋನು ಪಾಪ ಬೇಸರಪಡದೆ ಉತ್ತರ ಕೊಡುತ್ತದೆ.

ಮೊನ್ನೆ ಹೀಗೇ ಒತ್ತುತ್ತಿದ್ದಾಗ ನಾನು ಕಳೆದ ಬೇಸಿಗೆಯಲ್ಲಿ ಕೇಳಿದ್ದ ಹಳೆಯ ಪ್ರಶ್ನೆಯೊಂದನ್ನು ಅದೇ ತೆಗೆದು ತೋರಿಸಿತು. ಹೈದರಾಬಾದ್ ವಿಮಾನ ನಿಲ್ದಾಣದಿಂದ ಪುಣೆ ವಿಮಾನ ನಿಲ್ದಾಣಕ್ಕೆ ದೂರ ಎಷ್ಟು, ಪ್ರಯಾಣದ ಸಮಯ ಎಷ್ಟು? ಉತ್ತರವೂ ಕೆಳಗೇ ಇತ್ತು. ಸುಮಾರು ಐನೂರು ಕಿಲೋಮೀಟರ್. ಒಂದೂಕಾಲು ಗಂಟೆ.

ಓದಿದ್ದೇ ತಡ, ಜೋರಾಗಿ ನಗು ಬಂತು.

“ಒಬ್ಬರ ಯಾಕ ನಗಾಕತ್ತೀರಿ?” ಅಡುಗೆಮನೆಯಿಂದ ಹೆಂಡತಿಯ ದನಿ.

“ಒಂದೂಕಾಲು ತಾಸು!” ಎಂದೆ.

ಆಕೆಯೂ ನಕ್ಕಳು. ನಮ್ಮ ಮನೆಯಲ್ಲಿ ಆ ಮಾತಿಗೆ ಈಗ ಬೇರೆಯದೇ ಅರ್ಥ. ರೊಟ್ಟಿ ಆಯಿತೇ ಎಂದು ಕೇಳಿದಾಗ ಆಕೆ “ಒಂದೂಕಾಲು ತಾಸು” ಎಂದಳೆಂದರೆ, ನಾನು ಚಪ್ಪಲಿ ಮೆಟ್ಟಿಕೊಂಡು ಖಾನಾವಳಿಯ ದಾರಿ ಹಿಡಿಯಬೇಕು ಎಂದು ತಿಳಿಯಬೇಕು.

ನಾನು ಶಹಾಪುರದ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುವ ಮಾಸ್ತರ. ಗೋಡೆಗೆ ನಕಾಶೆ ತೂಗುಹಾಕಿ, ದಾರದ ಒಂದು ತುದಿಯನ್ನು ದಿಲ್ಲಿಯ ಮೇಲೂ ಇನ್ನೊಂದನ್ನು ಚೆನ್ನೈ ಮೇಲೂ ಇಟ್ಟು, ಆಮೇಲೆ ಆ ದಾರವನ್ನು ಅಳತೆಪಟ್ಟಿಗೆ ಹಿಡಿದು “ನೋಡ್ರಿ, ಇದು ವೈಮಾನಿಕ ದೂರ” ಎಂದು ಹೇಳುತ್ತ ಹೇಳುತ್ತಲೇ ತಲೆ ನೆರೆಸಿಕೊಂಡವನು. ಆದರೆ ಕಳೆದ ಬೇಸಿಗೆಯ ತನಕ ಆ ದಾರದ ಮೇಲೆ ನಾನು ಒಂದು ಅಂಗುಲವೂ ಚಲಿಸಿರಲಿಲ್ಲ. ಮಲಗಿದ ಬುದ್ಧನಂತೆ ಕಾಣುವ ನಮ್ಮೂರ ಗುಡ್ಡದ ಹೊಟ್ಟೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಎಳೆದ ಬಿಳಿ ಗೆರೆ, ವಿಮಾನವೆಂದರೆ ನನಗೆ ಅಷ್ಟೇ.

ನಿಜ ಹೇಳಬೇಕೆಂದರೆ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದನ್ನು ನಾನು ಕಲಿತದ್ದೇ ತಡವಾಗಿ. ನಾನು ಹುಟ್ಟಿ ಬೆಳೆದದ್ದು ಸುರಪುರದಲ್ಲಿ. ಅಪ್ಪನದು ಸಣ್ಣ ಕಿರಾಣಿ ಅಂಗಡಿ. ಅಲ್ಲಿಗೆ ಬರುವ ಹಳ್ಳಿಯವರ ಲೆಕ್ಕವೇ ಬೇರೆ. “ನಿಮ್ಮೂರು ಎಷ್ಟ್ ದೂರಪಾ?” ಎಂದು ಅಪ್ಪ ಕೇಳಿದರೆ “ಎರಡ ಎಲಿ ಅಡಕಿ ದಾರಿರಿ” ಎನ್ನುವರು. ಅಂದರೆ ಒಮ್ಮೆ ಬಾಯಿಗೆ ಹಾಕಿಕೊಂಡ ಎಲೆ ಅಡಿಕೆ ಜಗಿದು ಉಗಿದು, ಇನ್ನೊಮ್ಮೆ ಹಾಕಿಕೊಂಡದ್ದು ಮುಗಿಯುವಷ್ಟರಲ್ಲಿ ಊರು ಬರುತ್ತದೆ. ಹಲ್ಲಿಲ್ಲದ ಮುದುಕರಿಗೆ ಅದೇ ಊರು ಅರ್ಧ ದೂರದಲ್ಲಿರುತ್ತಿತ್ತು.

ನಮ್ಮ ಅಕ್ಕ ನಿಂಗಮ್ಮನ ಅಳತೆ ಇನ್ನೂ ಚೆಂದ. ನಾವು ನಾಲ್ವರು ಮಕ್ಕಳು. ಅಕ್ಕ ಹಿರಿಯಳು, ಆಮೇಲೆ ಅಣ್ಣ ಬಸಣ್ಣ, ಆಮೇಲೆ ನಾನು, ಕೊನೆಯವಳು ಕಮಲಾ. ನನ್ನನ್ನು ಸಾಕಿದ್ದು ಅಕ್ಕನ ಬಗಲು. ನನಗೆ ನಡೆಯಲು ಬಂದ ಮೇಲೂ ನಾನು ನಡೆಯದವನು. ಆಕೆ ಯಾವ ದೂರವನ್ನಾದರೂ ನನ್ನ ಭಾರದಿಂದಲೇ ಹೇಳುತ್ತಿದ್ದಳು. “ಹಳೀ ಬಾವಿ ಏನ್ ದೂರ ಬಿಡು, ಇವನ್ನ ಒಂದ ಸಲ ಬಗಲ ಬದಲಿ ಮಾಡಿದ್ರ ಬಂತು.” ಸಂತೆ ಮಾತ್ರ ಮೂರು ಬಗಲು ದೂರ.

ಅಣ್ಣನಿಗೆ ಸಣ್ಣವನಿದ್ದಾಗಿನಿಂದ ರೈಲಿನ ಹುಚ್ಚು. ಸುರಪುರದಲ್ಲಿ ರೈಲಿಲ್ಲ. ಅಪ್ಪ ಸರಕು ತರಲು ಯಾದಗಿರಿಗೆ ಹೊರಟಾಗಲೆಲ್ಲ ಅಣ್ಣ ಅತ್ತು ಕರೆದು ಜೊತೆಗೆ ಹೋಗಿ, ಸ್ಟೇಷನ್ನಿನ ಬೇಲಿಗೆ ಗಲ್ಲ ಆನಿಸಿ ನಿಂತುಬಿಡುತ್ತಿದ್ದ. ದೊಡ್ಡವನಾಗಿ ಅದೇ ರೈಲಿನ ಗಾರ್ಡ್ ಆದ, ಯಾದಗಿರಿಯ ಸ್ಟೇಷನ್ನಿಗೆ ಶಿಳ್ಳೆ ಕೇಳಿಸುವಷ್ಟು ಹತ್ತಿರ ಮನೆ ಕಟ್ಟಿದ, ಈಗ ನಿವೃತ್ತನಾಗಿ ಆ ಶಿಳ್ಳೆಗಳನ್ನೇ ಕೇಳುತ್ತ ಚಹಾ ಕುಡಿಯುತ್ತಾನೆ. ಅವನ ಮಟ್ಟಿಗೆ ಜಗತ್ತಿನ ಊರುಗಳಲ್ಲಿ ಎರಡೇ ಜಾತಿ: ಗಾಡಿ ನಿಲ್ಲುವವು, ಗಾಡಿ ನಿಲ್ಲದವು.

ಅಕ್ಕನನ್ನು ಕಕ್ಕೇರಾಕ್ಕೆ ಕೊಟ್ಟರು. ಒಳ್ಳೆಯ ಹೊಲ, ಒಳ್ಳೆಯ ಗಂಡ. ಆದರೆ ಭಾವ ಬಹಳ ದಿನ ಉಳಿಯಲಿಲ್ಲ. ಒಂದು ಜ್ವರ ಬಂತು, ಒಯ್ದಿತು. ಅಕ್ಕನಿಗೆ ಆಗ ಮೂವತ್ತೂ ಆಗಿರಲಿಲ್ಲ. ಮಕ್ಕಳಿಲ್ಲ. ತವರಿಗೆ ಬಾ ಎಂದರೆ ಬರಲಿಲ್ಲ. “ನನ್ನ ಹೊಲ ಯಾರ್ ನೋಡ್ಬೇಕು?” ಎಂದು ಅಲ್ಲೇ ಕಚ್ಚೆ ಹಾಕಿ ನಿಂತಳು. ಹೊಲದಲ್ಲಿ ನಾಲ್ಕು ಗಂಡಸರಿಗೆ ಸಮ. ಮದುವೆಮನೆಯಲ್ಲಿ ಮಾತ್ರ ಅಡುಗೆಯ ಹಂಡೆಗಳ ಹಿಂದೆ ಎಲ್ಲೋ ಇರುವಳು, ಅಕ್ಷತೆಯ ಹೊತ್ತಿಗೆ ಗೋಡೆಗೆ ಒರಗಿ ನಿಲ್ಲುವಳು. ಹಾಗೆ ನಿಲ್ಲು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬಾ ಮುಂದೆ ಎಂದೂ ಯಾರೂ ಹೇಳಿರಲಿಲ್ಲ. ಕಮಲಾಳ ಮದುವೆಯಲ್ಲೂ ಹಾಗೆಯೇ ಆಯಿತು.

ಕಮಲಾ ಗಂಡನ ಜೊತೆ ಪುಣೆಗೆ ಹೋದಳು. ಗಾರೆ ಕೆಲಸಕ್ಕೆಂದು ಹೋದ ಅವನು ಈಗ ತಾನೇ ಮನೆಗಳನ್ನು ಕಟ್ಟಿಸಿಕೊಡುವ ಸಣ್ಣ ಗುತ್ತಿಗೆದಾರ. ಕಳೆದ ಬೇಸಿಗೆಯಲ್ಲಿ ಅವರ ಮಗಳು ಭಾಗ್ಯಳ ಮದುವೆ ಪುಣೆಯಲ್ಲೇ ಎಂದು ಗೊತ್ತಾಯಿತು. ಗೋಧೂಳಿ ಮುಹೂರ್ತ, ಅಂದರೆ ಸಂಜೆ ಹೊತ್ತು ಮುಳುಗುವ ವೇಳೆ.

ನಮ್ಮ ಮನೆತನದಲ್ಲಿ ಮದುಮಗಳ ಹಣೆಗೆ ದಂಡಿ ಕಟ್ಟುವುದು ಸೋದರಮಾವನ ಹಕ್ಕು. ದಂಡಿಯೆಂದರೆ ಮುತ್ತು, ಜರಿ ಕೂಡಿಸಿ ಮಾಡಿದ ಪಟ್ಟಿ. ಸೋದರಮಾವ ಅದನ್ನು ತಂದು, ಕಟ್ಟಿ, ಕೈಹಿಡಿದು ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕು. ಹಿರಿಯನಾದ್ದರಿಂದ ಆ ಹಕ್ಕು ಬಸಣ್ಣನದು. ಅವನು ಸುರಪುರದಲ್ಲಿ ತಿಂಗಳ ಮೊದಲೇ ದಂಡಿ ಮಾಡಿಸಿ, ಹತ್ತಿಯಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿಟ್ಟಿದ್ದ.

ಎರಡು ಮನೆಯ ಹೆಂಗಸರೂ ಮಕ್ಕಳೂ ಒಂದು ಗಾಡಿ ಮಾಡಿಕೊಂಡು ಎರಡು ದಿನ ಮೊದಲೇ ಹೋದರು. ಅಕ್ಕನೂ ಅವರೊಡನೆ ಹೋಗಬೇಕಿತ್ತು. “ಎಮ್ಮಿ ಈಯಾಕ ಇವತ್ತ ನಾಳಿ ಅನ್ನಾಕತ್ತದ, ಅದನ್ನ ಬಿಟ್ಟು ಹ್ಯಾಂಗ ಬರ್ಲಿ? ನೀವು ಹೋಗ್ರಿ” ಎಂದು ಉಳಿದಳು. ನನಗೆ ಯಾದಗಿರಿಯಲ್ಲಿ ಉತ್ತರಪತ್ರಿಕೆ ತಿದ್ದುವ ಕೆಲಸ ಮದುವೆಯ ಹಿಂದಿನ ಸಂಜೆಯ ತನಕ ಇತ್ತು. ಅಣ್ಣನಿಗೆ ಯಾವ ಕೆಲಸವೂ ಇರಲಿಲ್ಲ. ಆದರೂ “ನೀ ಒಬ್ಬನ ಹ್ಯಾಂಗ ಬರ್ತಿ, ಮುಂಜಾನಿ ಗಾಡಿಗಿ ಇಬ್ಬರೂ ಕೂಡಿ ಹೋಗೋಣು” ಎಂದು ನನಗಾಗಿ ನಿಂತಿದ್ದ.

ಅಷ್ಟರಲ್ಲಿ ನನ್ನ ಚಟ ನನ್ನನ್ನು ಕೆಡಿಸಿತ್ತು. ಫೋನು ಒಂದೂಕಾಲು ಗಂಟೆ ಎಂದಿತ್ತಲ್ಲ! ರೈಲಿನಲ್ಲಿ ಇಡೀ ಹಗಲು ಕುಲುಕಾಡುವ ಬದಲು ಅಂಗಿಯ ಇಸ್ತ್ರಿ ಮುದುಡದಂತೆ ಪುಣೆಯಲ್ಲಿ ಇಳಿಯಬಹುದು. ಮದುವೆಗೆ ಮಾಸ್ತರ ಮಾವ ವಿಮಾನದಲ್ಲಿ ಬಂದನಂತೆ ಎಂದು ನಾಲ್ಕು ಜನ ಅನ್ನಬಹುದು. ಟಿಕೆಟ್ ತೆಗೆಸಿ ಅಣ್ಣನಿಗೆ ಹೇಳಿದೆ.

ಅವನು ಕೇಳಿದ: “ಪುಣೆ ಯಾವ ದಿಕ್ಕಿಗದ?”

“ಪಡುವಣಕ್ಕ.”

“ಹೈದರಾಬಾದ್?”

“ಮೂಡಣಕ್ಕ.”

“ನೀ ಭೂಗೋಳ ಕಲಸ್ತಿಯಲ್ಲ?”

ಮಾತಿಗೆ ಮಾತು ಬೆಳೆಯಿತು. ವಿಮಾನ ಮೇಲೋ ರೈಲು ಮೇಲೋ ಎಂದು ಶುರುವಾದದ್ದು ನಾನು ಸಣ್ಣವನಿದ್ದಾಗ ಅವನ ಗೋಲಿಗುಂಡು ನುಂಗಿದ್ದರ ತನಕ ಹೋಯಿತು. ಇಬ್ಬರೂ ಬೇರೆ ಬೇರೆಯಾಗಿ ಕಮಲಾಳಿಗೆ ಫೋನು ಮಾಡಿ ದೂರಿದೆವು. ಅವಳಿಗೆ ಮಗಳ ಮದುವೆಯ ಗಡಿಬಿಡಿ. ತಲೆಕೆಟ್ಟು ಅಂದುಬಿಟ್ಟಳು: “ಹಿರೇರು ಸಣ್ಣೋರು ನಾ ಏನೂ ನೋಡಂಗಿಲ್ಲ. ಯಾರ್ ಮೊದಲ ಬರ್ತೀರಿ, ಅವರ ದಂಡಿ ಕಟ್ರಿ. ಜಗಳ ಬ್ಯಾಡ್ರಿ, ಹೊತ್ತಿಗಿ ಬರ್ರಿ ಸಾಕು.”

ಹಾಗೆ ಇಬ್ಬರು ನರೆತಲೆಯವರ ನಡುವೆ ಓಟದ ಪಂದ್ಯ ಏರ್ಪಟ್ಟಿತು.

ಮದುವೆಯ ದಿನ ನಸುಕಿನಲ್ಲಿ ಬಾಡಿಗೆ ಕಾರು ಹತ್ತಿದೆ. ಭೀಮಾ ಸೇತುವೆ ದಾಟುವಾಗ ನದಿಯಲ್ಲಿ ನೀರಿಗಿಂತ ಮರಳೇ ಹೆಚ್ಚಿತ್ತು. ಯಾದಗಿರಿಗೆ ಬಂದಾಗ ಬೆಳಕು ಹರಿದಿತ್ತು. ಅಣ್ಣನ ಮನೆ ದಾರಿಯಲ್ಲೇ. ಕಟ್ಟೆಯ ಮೇಲೆ ಬಿಳಿ ಧೋತರ ಉಟ್ಟು, ತೊಡೆಯ ಮೇಲೆ ಆ ರಟ್ಟಿನ ಡಬ್ಬಿ ಇಟ್ಟುಕೊಂಡು ಕೂತಿದ್ದ. ಅವನ ಗಾಡಿಗೆ ಇನ್ನೂ ಹೊತ್ತಿತ್ತು. ನನಗೆ ಮನಸ್ಸು ತಡೆಯದೆ ಕಾರು ನಿಲ್ಲಿಸಿ ಗಾಜು ಇಳಿಸಿದೆ.

“ಬರ್ತಿಯೇನಣ್ಣಾ? ಇನ್ನೊಂದು ಟಿಕೆಟ್ ಸಿಗತದ.”

ಅವನು ಚಹಾದ ಲೋಟ ಎತ್ತಿ, ಸೂರ್ಯ ಹುಟ್ಟುತ್ತಿದ್ದ ಕಡೆಗೆ ತೋರಿಸಿದ. “ಹೊತ್ತ ನೆತ್ತಿ ಮ್ಯಾಲ ಬರೋತನಕ ನೀ ಹಿಂಗ ಸೂರ್ಯಗ ಮುಖ ಕೊಟ್ಟು ಹೋಗು. ನಾ ಬೆನ್ನ ಕೊಟ್ಟು ಹೋಗ್ತೀನಿ. ಸಂಜೀಕ ನೋಡೋಣು.”

ಗುರುಮಠಕಲ್ ದಾಟಿದ ಮೇಲೆ ಅಂಗಡಿಯ ಹಲಗೆಗಳು ತೆಲುಗಾದವು. ಒಂದು ಕಡೆ ಚಹಾಕ್ಕೆ ನಿಂತಾಗ, ಅಂಗಡಿಯವನು ಎಲ್ಲಿಗೆ ಎಂದು ಕೇಳಿದ. ಪುಣೆಗೆ ಎಂದೆ. ಅವನು ನನ್ನ ಡ್ರೈವರಿನ ಮುಖವನ್ನು ಅನುಮಾನದಿಂದ ನೋಡಿ, “ಸಾರು ದಾರಿ ತಪ್ಯಾರೇನು?” ಎಂದು ಕನ್ನಡದಲ್ಲೇ ವಿಚಾರಿಸಿದ.

ಹೈದರಾಬಾದ್ ವಿಮಾನ ನಿಲ್ದಾಣ ಮುಟ್ಟುವಷ್ಟರಲ್ಲಿ ಸೊಂಟ ಹಿಡಿದಿತ್ತು. ಒಳಗೆ ಹೋದರೆ ಅದು ನಿಲ್ದಾಣವೋ ಅರಮನೆಯೋ ತಿಳಿಯದು. ತಪಾಸಣೆಯ ಸಾಲಿನಲ್ಲಿ ಬೆಲ್ಟು ಬಿಚ್ಚಿ ಎಂದರು. ನಮ್ಮ ಶಾಲೆಯಲ್ಲಿ ಮೂವತ್ತು ವರ್ಷ ಹುಡುಗರ ಮುಂದೆ ಠೀವಿಯಿಂದ ನಿಂತವನು ಅಲ್ಲಿ ಎರಡೂ ಕೈಯಿಂದ ಪ್ಯಾಂಟು ಹಿಡಿದುಕೊಂಡು ನಿಂತೆ. ಚೀಲದಲ್ಲಿದ್ದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಪೊಟ್ಟಣವನ್ನು ಅಧಿಕಾರಿಯೊಬ್ಬ ಮೂಸಿ ನೋಡಿ, ಸೀನಿ, ಗೌರವದಿಂದ ವಾಪಸ್ ಕೊಟ್ಟ.

ಆಗಲೇ ಎದೆ ಝಲ್ಲೆಂದದ್ದು. ಚೀಲದಲ್ಲಿ ಹಿಂಡಿ ಇದೆ, ಕಮಲಾಳಿಗೆ ಸೀರೆ ಇದೆ, ನನ್ನ ಹೊಸ ಅಂಗಿ ಇದೆ. ದಂಡಿ? ದಂಡಿ ಅಣ್ಣನ ಡಬ್ಬಿಯಲ್ಲಿದೆ! ನಾನು ಮೊದಲು ಮುಟ್ಟಿದರೂ ಕಟ್ಟುವುದು ಏನನ್ನು? ಇಷ್ಟು ಸರಳವಾದ ಸಂಗತಿ ನನಗೂ ಹೊಳೆದಿರಲಿಲ್ಲ, ಅಣ್ಣನಿಗೂ ಹೊಳೆದಿರಲಿಲ್ಲ. ಅಥವಾ ಅವನಿಗೆ ಹೊಳೆದಿತ್ತೇನೋ. ಅದಕ್ಕೇ ಅಷ್ಟು ಆರಾಮಾಗಿ ಚಹಾ ಕುಡಿಯುತ್ತಿದ್ದ.

ಅವನಿಂದ ಸಂದೇಶಗಳು ಬರುತ್ತಲೇ ಇದ್ದವು. ಗಾರ್ಡ್ ಅಲ್ಲವೇ, ಊರ ಹೆಸರು ಬಿಟ್ಟರೆ ಇನ್ನೇನೂ ಇಲ್ಲ. ‘ವಾಡಿ.’ ಸ್ವಲ್ಪ ಹೊತ್ತಿಗೆ ‘ಕಲಬುರಗಿ.’ ನಾನು ಇನ್ನೂ ಕುರ್ಚಿಯಲ್ಲಿದ್ದೆ. ‘ಸೋಲಾಪುರ.’ ನಾನು ಅದೇ ಕುರ್ಚಿಯಲ್ಲಿದ್ದೆ. ಪುಣೆಯ ಮೇಲೆ ಅಕಾಲದ ಗುಡುಗು ಮೋಡ, ವಿಮಾನ ತಡ ಎಂದು ಘೋಷಣೆ ಆಯಿತು. ಎಷ್ಟು ತಡ ಎಂದು ಕೌಂಟರಿನ ಹುಡುಗಿಯನ್ನು ಕೇಳಿದೆ. “ಹೇಳಲಾಗದು ಸರ್, ಆದರೆ ಹೊರಟ ಮೇಲೆ ಒಂದೂಕಾಲು ಗಂಟೆ ಅಷ್ಟೇ” ಎಂದು ನಕ್ಕಳು. ಅಣ್ಣನಿಗೆ ನಾನೂ ಒಂದು ಸಂದೇಶ ಕಳಿಸಿದೆ: ‘ಹೈದರಾಬಾದ್.’ ಎರಡು ತಾಸಿನ ಮೇಲೆ ಮತ್ತೆ ಕಳಿಸಿದೆ: ‘ಹೈದರಾಬಾದ್.’

ಕೊನೆಗೂ ವಿಮಾನ ಎದ್ದಾಗ ಮಧ್ಯಾಹ್ನ ಇಳಿಯತೊಡಗಿತ್ತು. ನನ್ನದು ಎಡಗಡೆಯ ಕಿಟಕಿ. ಎದ್ದ ಕ್ಷಣ ಹೊಟ್ಟೆ ಹೈದರಾಬಾದಿನಲ್ಲೇ ಉಳಿದು ನಾನೊಬ್ಬನೇ ಮೇಲೆ ಹೋದಂತಾಯಿತು. ಮುಂದಿನ ಸೀಟಿನ ಜೇಬಿನಲ್ಲಿದ್ದ ವಾಂತಿಯ ಕಾಗದದ ಚೀಲ ತೆಗೆದು ಗಟ್ಟಿಯಾಗಿ ಹಿಡಿದುಕೊಂಡೆ. ಪಕ್ಕದವನು ನಿದ್ದೆಹೋಗಿದ್ದ. ನಾನು ಬಾಯೊಳಗೇ ಶಿವ ಶಿವ ಎನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಧೈರ್ಯ ಮಾಡಿ ಕೆಳಗೆ ನೋಡಿದರೆ, ಮೋಡಗಳ ಸಂದಿನಲ್ಲಿ ಕಪ್ಪು ಹೊಲಗಳು, ಬೈತಲೆಯಂಥ ದಾರಿಗಳು. ಲೆಕ್ಕ ಹಾಕಿದೆ. ಇದು ಕಲಬುರಗಿಯ ಸೀಮೆ. ಇದರ ದಕ್ಷಿಣಕ್ಕೆ, ನನ್ನ ಈ ಕಿಟಕಿಯ ಆಚೆ ಅಂಚಿನಲ್ಲಿ ಎಲ್ಲೋ, ನಮ್ಮ ಶಹಾಪುರ. ಬೆಳಗಿನಿಂದ ಸೊಂಟ ಮುರಿದುಕೊಂಡು ಎಷ್ಟು ದೂರ ಹೋಗಿದ್ದೆನೋ ಅಷ್ಟನ್ನೂ ಈ ಹಕ್ಕಿ ಒಂದು ಎಲೆ ಅಡಿಕೆಯ ಹೊತ್ತಿನಲ್ಲಿ ಅಳಿಸಿಹಾಕಿ ನನ್ನನ್ನು ಮನೆಯ ಬಾಗಿಲಿಗೆ ತಂದು ನಿಲ್ಲಿಸಿತ್ತು. ಇಡೀ ಹಗಲು ಕಳೆದು ನಾನು ಇನ್ನೂ ಹೊರಟೇ ಇರಲಿಲ್ಲ!

ಹೆದರಿಕೆ ಹೋಗಿ ನಗು ಬಂತು. ಸೋಲಾಪುರದ ಆಚೆ ಬೆಳ್ಳಿ ದಾರದಂಥ ಒಂದು ಗೆರೆ ಕಂಡಾಗ, ಅದು ರೈಲು ಹಳಿಯೋ ಕಾಲುವೆಯೋ ತಿಳಿಯದಿದ್ದರೂ, ಅಣ್ಣ ಅಲ್ಲೇ ಎಲ್ಲೋ ಡಬ್ಬಿ ಹಿಡಿದು ಕೂತಿದ್ದಾನೆ ಎನ್ನಿಸಿತು. ಇಬ್ಬರೂ ಮಾತಾಡುತ್ತ, ಹಿಂಡಿ ರೊಟ್ಟಿ ತಿನ್ನುತ್ತ ಹೋಗಬಹುದಾಗಿದ್ದ ದಾರಿ. ಅವನ ತಲೆಯ ಮೇಲೆ ಹಾದುಹೋಗುತ್ತಿದ್ದೇನೆ ಎಂಬ ಹಮ್ಮು ಬರಬೇಕಿತ್ತು. ಬರಲಿಲ್ಲ.

ಪುಣೆಯಲ್ಲಿ ಇಳಿದು ಫೋನು ಹಚ್ಚಿದೆ. ಅಣ್ಣನ ಸಂದೇಶ: ‘ದೌಂಡ.’ ಪುಣೆಗೆ ಮುಂಚಿನ ಜಂಕ್ಷನ್. ಅದರ ಕೆಳಗೆ, ಬಹಳ ಹೊತ್ತಿನ ಮೇಲೆ ಬಂದದ್ದು: ‘ಸಿಗ್ನಲ್ ಇಲ್ಲ. ದೌಂಡ.’ ಅವನೂ ಸಿಕ್ಕಿಕೊಂಡಿದ್ದ. ನಾನು ಗೆಲ್ಲುತ್ತಿದ್ದೆ. ಆದರೆ ದಂಡಿ? ಹೊತ್ತು ಆಗಲೇ ಕೆಳಗಿಳಿದಿತ್ತು. ರಿಕ್ಷಾ ಹಿಡಿದರೆ ಮಳೆ ಬಿದ್ದ ದಾರಿಯಲ್ಲಿ ಗಾಡಿಗಳು ಇರುವೆ ಸಾಲಿನಂತೆ ನಿಂತಿದ್ದವು. ನಾನು ಕಮಲಾಳಿಗೆ ಫೋನು ಮಾಡಿದೆ. ಎತ್ತಲಿಲ್ಲ. ಹೆಂಡತಿಗೆ ಮಾಡಿದೆ. ಡೋಲಿನ ಸದ್ದಿನಲ್ಲಿ ಒಂದೇ ಮಾತು ಕೇಳಿಸಿತು: “ಎಲ್ಲಿದ್ದೀರಿ?”

ಕಲ್ಯಾಣ ಮಂಟಪ ಕಣ್ಣಿಗೆ ಬಿದ್ದಾಗ ರಿಕ್ಷಾ ಬಿಟ್ಟು ನಡೆದೇ ಹೊರಟೆ, ಓಡಿದೆ ಎಂದರೂ ಸರಿ. ಗೇಟಿನ ಹತ್ತಿರ ಬಂದರೆ ಎದುರು ದಿಕ್ಕಿನಿಂದ ಇನ್ನೊಂದು ರಿಕ್ಷಾ ಬಂದು ನಿಂತಿತು. ಅದರಿಂದ ಮೊದಲು ಇಳಿದದ್ದು ರಟ್ಟಿನ ಡಬ್ಬಿ. ಆಮೇಲೆ ಅಣ್ಣ. ಧೋತರದ ತುಂಬ ರೈಲಿನ ಧೂಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

“ಆತೇನು ನಿಂದು, ಒಂದೂಕಾಲು ತಾಸು?” ಅಂದ.

“ನಿನ್ನ ದೌಂಡಕ್ಕ ಸಿಗ್ನಲ್ ಸಿಕ್ತೇನು?” ಅಂದೆ.

ಒಳಗೆ ಮಂಗಳವಾದ್ಯ ಜೋರಾಯಿತು. ಇಬ್ಬರೂ ಒಟ್ಟಿಗೇ ಓಡಿದೆವು. ಮೆಟ್ಟಿಲ ಬುಡದಲ್ಲಿ ಅಣ್ಣನ ಮಂಡಿ ಹಿಡಿದುಕೊಂಡಿತು. “ನೀ ಹೋಗು, ಡಬ್ಬಿ ತಗೊಂಡ್ ಹೋಗು” ಎಂದು ಡಬ್ಬಿಯನ್ನು ನನ್ನ ಎದೆಗೆ ಒತ್ತಿದ. ನಾನು ಡಬ್ಬಿಯನ್ನು ಅವನ ಕೈಯಲ್ಲೇ ಬಿಟ್ಟು, ಅವನ ತೋಳನ್ನು ನನ್ನ ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿಸಿದೆ. ಹಾಗೆ ನಾವಿಬ್ಬರೂ ಮೂರು ಕಾಲಿನಲ್ಲಿ ಒಳಗೆ ಹೋದೆವು.

ಒಳಗೆ ಎಲ್ಲರೂ ಎದ್ದು ನಿಂತಿದ್ದರು. ಮಂಟಪದಲ್ಲಿ ವರ. ಆಚೆ ಕೋಣೆಯ ಬಾಗಿಲಲ್ಲಿ ಬರಿಹಣೆಯ ಭಾಗ್ಯ. ಅವಳ ಕೈ ಹಿಡಿದು ನಿಂತವಳು ನಮ್ಮ ಅಕ್ಕ!

ಆಮೇಲೆ ತಿಳಿದದ್ದು ಇಷ್ಟು. ಹಿಂದಿನ ಮಧ್ಯಾಹ್ನವೇ ಎಮ್ಮೆ ಈದಿತ್ತು. ಅಕ್ಕ ಕರುವಿನ ಮೈ ಒರೆಸಿ, ಎಮ್ಮೆಯನ್ನು ನೆರೆಮನೆಗೆ ಒಪ್ಪಿಸಿ, ಕಕ್ಕೇರಾದಿಂದ ಕಟ್ಟಡದ ಕೆಲಸಕ್ಕೆ ಹೋಗುವವರನ್ನು ಪುಣೆಗೆ ಒಯ್ಯುವ ಸಂಜೆಯ ಬಸ್ಸು ಹತ್ತಿದ್ದಳು. ಬಸ್ಸಿನ ತುಂಬ ಪರಿಚಯದವರೇ. ಹಾಡು ಹೇಳಿಕೊಂಡು ಬಂದು, ಬೆಳಿಗ್ಗೆ ನೆಟ್ಟಗೆ ಕಮಲಾಳ ಮನೆಯ ಬಾಗಿಲು ಬಡಿದಿದ್ದಳು. ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಮುಹೂರ್ತ ಹತ್ತಿರವಾದರೂ ಮಾವಂದಿರು ಬರದಿದ್ದಾಗ ಹುಡುಗಿ ಅಳತೊಡಗಿದ್ದಳಂತೆ. ಅಕ್ಕ ಹಂಡೆಗಳ ಹಿಂದಿನಿಂದ ಎದ್ದು ಬಂದು ಅವಳ ಕೈ ಹಿಡಿದುಕೊಂಡವಳು ಬಿಟ್ಟಿರಲಿಲ್ಲ.

“ಬಂದ್ರವಾ, ಬಂದ್ರು! ಗಗನದಾಗಿಂದ ಒಬ್ಬ, ಹಳಿ ಮ್ಯಾಲಿಂದ ಒಬ್ಬ” ಎಂದು ಅಕ್ಕ ನಕ್ಕಳು. ನಕ್ಕು, ಹುಡುಗಿಯ ಕೈ ಬಿಟ್ಟು, ಸೆರಗು ತಲೆಗೆ ಎಳೆದುಕೊಂಡು ಗೋಡೆಯ ಕಡೆಗೆ ಸರಿದಳು.

“ಎಲ್ಲಿ ಹೊಂಟಿ ದೊಡ್ಡವ್ವಾ?” ಭಾಗ್ಯ ಅವಳ ಸೆರಗು ಹಿಡಿದಳು.

“ಮಾವಂದಿರು ಬಂದಾರಲ್ಲವಾ. ಇನ್ನ ನಂದೇನದ ಕೆಲಸ?”

ಪೂಜೆಗೆ ಕೂತಿದ್ದ ಅಯ್ಯನವರು “ಲಗೂ ಮಾಡ್ರಿ, ಬೆಳಕ ಹೋಗಾಕತ್ತದ” ಎಂದರು. ಅಣ್ಣ ಡಬ್ಬಿ ತೆರೆದು, ಹತ್ತಿ ಬಿಡಿಸಿ ದಂಡಿ ತೆಗೆದ. ಕಮಲಾ ಕಣ್ಣೊರೆಸಿಕೊಳ್ಳುತ್ತ “ಇಬ್ಬರೂ ಕೂಡೇ ಬಂದೀರಿ, ಹಿರೇರ ಕಟ್ಟಿಬಿಡ್ರಿ ಇನ್ನ” ಅಂದಳು.

ಅಣ್ಣ ಕಟ್ಟಲಿಲ್ಲ. ದಂಡಿ ಹಿಡಿದು ನಿಂತವನು ಕೇಳಿದ: “ಅಕ್ಕ ಯಾವಾಗ ಬಂದಾಳ?”

“ಮುಂಜಾನಿ. ನಾವಿನ್ನ ಮುಖ ತೊಳ್ದಿದ್ದಿಲ್ಲ.”

ಅವನು ನನ್ನ ಮುಖ ನೋಡಿದ. ಒಪ್ಪಿಗೆ ಕೇಳುವ ನೋಟ. ನಾನು ತಲೆಯಾಡಿಸಿದೆ.

“ಮೊದಲ ಬಂದವರು ಕಟ್ಟಬೇಕು ಅಂತ ಮಾತಾಗ್ಯಾದ,” ಅಣ್ಣ ಎಲ್ಲರಿಗೂ ಕೇಳುವಂತೆ ಅಂದ. “ಮೊದಲ ಬಂದಾಕಿ ಅಕ್ಕ. ಅಕ್ಕಾ, ಬಾ ಇಲ್ಲಿ. ನೀ ಕಟ್ಟು.”

ಅಕ್ಕನ ಮುಖ ಬಿಳಿಚಿತು. “ಹುಚ್ಚ ಹಿಡದದೇನೋ ಬಸ್ಯಾ ನಿನಗ? ಮಂದಿ ಕೂಡ್ಯಾರ. ನನ್ನ ಕೈ…” ಎನ್ನುತ್ತ ಎರಡೂ ಕೈಯನ್ನು ಸೆರಗಿನ ಒಳಗೆ ಎಳೆದುಕೊಂಡಳು.

ಮಂಟಪದಲ್ಲಿ ಪಿಸುಮಾತು ಎದ್ದಿತು. ವರನ ಕಡೆಯ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು “ಸೋದರಮಾವನ ಕಟ್ಟಬೇಕಲ್ರೀ? ಶಾಸ್ತ್ರ ಅದ…” ಅಂದರು. ಅಯ್ಯನವರು ಛತ್ತಿನ ಫ್ಯಾನು ನೋಡತೊಡಗಿದರು. ವಿಮಾನ ಎದ್ದಾಗಿನ ಹೆದರಿಕೆ ಇದರ ಮುಂದೆ ಏನೂ ಅಲ್ಲ. ಪರ ಊರು, ಹೊಸ ಬೀಗರು, ಬೆಳಕು ಹೋಗುತ್ತಿದೆ. ಯಾರಾದರೂ ಒಂದು ಕೆಟ್ಟ ಮಾತು ಆಡಿದರೆ ಅಕ್ಕ ಇನ್ನೆಂದೂ ಹಂಡೆಗಳ ಹಿಂದಿನಿಂದ ಬರುವುದಿಲ್ಲ.

ಆಗ ಭಾಗ್ಯ, ತಲೆ ಬಗ್ಗಿಸಿ ನಿಂತಿರಬೇಕಾದ ಮದುಮಗಳು, ತಲೆ ಎತ್ತಿ ಹೇಳಿದಳು: “ಇವತ್ತ ದೊಡ್ಡವ್ವನ ನಮ್ಮ ಸೋದರಮಾವ. ಮೀಸಿ ಒಂದ ಇಲ್ಲ, ಅಷ್ಟ.”

ಮಂಟಪದ ಮೇಲೆ ಯಾರೋ ಫಕ್ಕನೆ ನಕ್ಕರು. ನೋಡಿದರೆ ಸ್ವತಃ ವರ! ಆ ನಗು ಸಾಲು ಸಾಲು ದಾಟಿ ಹಿಂದಿನ ಬಾಗಿಲ ತನಕ ಹೋಯಿತು. ವರನ ತಾಯಿ ಎದ್ದು ಬಂದು ಅಕ್ಕನ ಕೈಗಳನ್ನು ಸೆರಗಿನಿಂದ ಹೊರಗೆ ತೆಗೆದು, “ಕಟ್ರಿ ಅಕ್ಕಾವ್ರೇ, ಕಟ್ರಿ. ಇವರ ಶಾಸ್ತ್ರ ಮುಗಿಯೂದ್ರಾಗ ನನ್ನ ಮಗ ಮುದುಕ ಆಗ್ತಾನ” ಅಂದಳು.

ಅಕ್ಕ ದಂಡಿ ತೆಗೆದುಕೊಂಡಳು. ಒಂದು ಕ್ಷಣ ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯದವಳಂತೆ ನಿಂತಳು. ಆಮೇಲೆ, “ತಲಿ ಬಗ್ಗಸವಾ, ಎಷ್ಟ್ ಎತ್ತರ ಬೆಳದಿ ನೀನು” ಎಂದು ಗದರಿಸಿದಳು. ಜೋಳದ ಸಿವುಡು ಕಟ್ಟಿದ ಬೆರಳುಗಳು ಒಂದೇ ಸುತ್ತಿಗೆ ಗಂಟು ಹಾಕಿದವು. ಹುಡುಗಿಯ ಕೈ ಹಿಡಿದು, ಯಾರ ಮುಖವನ್ನೂ ನೋಡದೆ, ಹೊಲದ ಬದುವಿನ ಮೇಲೆ ನಡೆಯುವ ಹಾಗೆ ನೆಟ್ಟಗೆ ಮಂಟಪಕ್ಕೆ ನಡೆದಳು. ಅಣ್ಣ ಮತ್ತೆ ನನ್ನ ಹೆಗಲ ಮೇಲೆ ಕೈ ಹಾಕಿ ಭಾರ ಬಿಟ್ಟ. ಮಂಡಿನೋವು ಎಂದುಕೊಂಡೆ. ನೋಡಿದರೆ ಅಳುತ್ತಿದ್ದ.

ಊಟಕ್ಕೆ ನಾಲ್ವರೂ ಒಂದೇ ಸಾಲಿನಲ್ಲಿ ಕೂತೆವು. ಅಕ್ಕನನ್ನು ನಡುವೆ ಕೂರಿಸಿದೆವು.

“ಮ್ಯಾಲ ಹ್ಯಾಂಗಿತ್ತೋ?” ಎಂದು ನನ್ನನ್ನು ಕೇಳಿದಳು.

“ಭಾಳ ಆರಾಮ. ಕೂತಿದ್ದು ಗೊತ್ತಾಗ್ಲಿಲ್ಲ, ಇಳದಿದ್ದು ಗೊತ್ತಾಗ್ಲಿಲ್ಲ” ಅಂದೆ.

“ಹೌದೇನು? ಮತ್ತ ಕಿಸೇದಾಗ ಅದೇನದು?”

ವಾಂತಿಯ ಕಾಗದದ ಚೀಲ ಅಂಗಿಯ ಕಿಸೆಯಿಂದ ಇಣುಕುತ್ತಿತ್ತು. ಗಾಬರಿಯಲ್ಲಿ ಅದನ್ನು ಹಿಡಿದುಕೊಂಡೇ ಪುಣೆಯೆಲ್ಲ ಓಡಿದ್ದೆ. ಅಣ್ಣ ಅದನ್ನು ಕಿತ್ತುಕೊಂಡು, ಒಳಗೆ ಇಣುಕಿ ನೋಡಿ, ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡು, ನಾಲ್ಕು ಲಾಡು ತುಂಬಿ ರೈಲಿಗೆಂದು ಕಟ್ಟಿಟ್ಟುಕೊಂಡ.

ಮದುವೆಯಾಗಿ ಮೂರು ವಾರ ಆಗಿರಬೇಕು. ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು. ಆಕೆ ಹಾಗೆಲ್ಲ ಫೋನು ಮಾಡುವವಳಲ್ಲ. ಹೆದರಿಕೊಂಡೇ ಎತ್ತಿದೆ.

“ತಮ್ಮಾ, ಇಲ್ಲೊಂದು ಫಜೀತಿ ಆಗ್ಯಾದ. ಪುಣೆ ಸುದ್ದಿ ಬಸ್ಸಿನವರು ಊರ ತುಂಬ ಹೇಳ್ಯಾರ. ಬಾಜೂ ಮನಿ ಹುಡುಗಿಗಿ ಸೋದರಮಾವ ಇಲ್ಲ. ದಂಡಿ ನೀವ ಬಂದ ಕಟ್ರಿ ಅಂತ ಮುಂಜಾನಿಯಿಂದ ಕಟ್ಟಿ ಮ್ಯಾಲ ಕುಂತಾರ. ಏನ್ ಮಾಡ್ಲಿ?”

“ಮಾಡೂದೇನದ? ಹೋಗಿ ಕಟ್ಟು.”

“ಹೋಗ್ತೀನಿ, ಅದಲ್ಲ.” ಹಿಂದೆ ಎಮ್ಮೆ ಕರು ಕೂಗಿದ್ದು ಕೇಳಿಸಿತು. “ಕಮಲಾ ಒಂದು ಸೀರಿ ಕೊಟ್ಟು ಕಳಿಸ್ಯಾಳ. ಹಸರ ಅದ. ಗಿಳಿ ಹಸರ. ಉಟ್ಕೊಳ್ಳೇನು?”

ಭಾವ ಹೋದ ಮೇಲೆ ಅಕ್ಕ ಹಸಿರು ಉಟ್ಟದ್ದನ್ನು ನಾನು ನೋಡಿರಲಿಲ್ಲ. “ಉಟ್ಕೋ ಅಕ್ಕಾ, ಉಟ್ಕೋ” ಅಂದೆ.

“ಉಟ್ಕೊಂಡ ನಿಂತೀನೋ ಆಗಲೇ,” ಅಂದಳು. “ನಿನ್ನ ಕೇಳಿದ್ದು ಸುಮ್ನ.”